ಅಕ್ಕನ ಹೆಸರಿಲ್ಲದ ಹೊಲ

“ಅಕ್ಕನ ಹೆಸರು ಬಿಟ್ಟು ವಂಶವೃಕ್ಷ ಮಾಡಿಸ್ಬ್ಯಾಡಿ ಸ್ವಾಮಿ. ಅವ್ಳು ಹೊಲಕ್ಕೆ ಮಾಟದ ಕಟ್ಟು ಹಾಕವ್ಳೆ,” ಎಂದ ಲಕ್ಷ್ಮಣಪ್ಪ.

ಶ್ರೀರಾಮ್ ನಕ್ಕ. ತುಮಕೂರಿನಲ್ಲಿ ಸೈಟು ಮಾರಿ ಪಳಗಿದವನು ಅವನು. ಕಡೂರಿನಿಂದ ಪಂಚನಹಳ್ಳಿಗೆ ಹೋಗುವ ಹೆದ್ದಾರಿಗೆ ಮುಖ ಮಾಡಿದ್ದ ಲಕ್ಷ್ಮಣಪ್ಪನ ನಾಲ್ಕು ಎಕರೆ ಕಂಡಾಗಲೇ ಪೆಟ್ರೋಲ್ ಬಂಕು, ಹೋಟೆಲು, ಲಾರಿ ನಿಲ್ಲುವ ಜಾಗ ಎಲ್ಲವೂ ಅವನ ಕಣ್ಣಿಗೆ ಕಟ್ಟಿದ್ದವು. ದೇವನೂರಿಗೆ ಕೊಟ್ಟಿದ್ದ ಅಕ್ಕ ಕಾಮಾಕ್ಷಮ್ಮನ ಸಹಿಗೆ ಕಾಯುವ ವ್ಯವಧಾನ ಅವನಿಗಿರಲಿಲ್ಲ. ಹೆಣ್ಣುಮಕ್ಕಳ ಹೆಸರು ಬಿಡುವುದು ಈ ಕಡೆ ಹೊಸದೇನಲ್ಲ, ಒಡಹುಟ್ಟಿದವರು ಯಾರೂ ಇಲ್ಲವೆಂದು ಒಂದು ಅಫಿಡವಿಟ್ ಸಾಕು ಎಂದು ಅವನೇ ಹೇಳಿಕೊಟ್ಟ. ಮಾಟ ನಿಜವಾಗಿದ್ದರೆ ನಮ್ಮ ದಂಧೆಯವರು ಒಬ್ಬರೂ ಉಳಿಯುತ್ತಿರಲಿಲ್ಲ ಎಂದು ತಮಾಷೆಯನ್ನೂ ಮಾಡಿದ. ಲಕ್ಷ್ಮಣಪ್ಪ ಅಳುಕುತ್ತಲೇ ಸಹಿ ಹಾಕಿದ. ಪುಕ್ಕಲ ಮನುಷ್ಯ. ಅಕ್ಕನಿಗೂ ಹೆದರುತ್ತಿದ್ದ, ಕಾರಿನಲ್ಲಿ ಬಂದವರಿಗೂ ಹೆದರುತ್ತಿದ್ದ.

ನೋಂದಣಿಯಾದ ವಾರಕ್ಕೆ ಜೆಸಿಬಿ ಬಂತು. ಆ ಮಧ್ಯಾಹ್ನ ಹೊಲದ ಬಾಂದುಕಲ್ಲಿನ ಪಕ್ಕ ಕಾಮಾಕ್ಷಮ್ಮ ಕೂತಿದ್ದಳು. ತಾಯಿ ತೀರಿಕೊಂಡಾಗ ಎರಡು ವರ್ಷದ ತಮ್ಮನನ್ನು ಸೊಂಟದ ಮೇಲಿಟ್ಟುಕೊಂಡೇ ಇಲ್ಲಿ ರಾಗಿಯ ಕಳೆ ಕಿತ್ತವಳು. ಯಾರೀಕೆ ಎಂದು ಶ್ರೀರಾಮ್ ಬೇಕೆಂದೇ ಎಲ್ಲರೆದುರು ಕೇಳಿದ. ಲಕ್ಷ್ಮಣಪ್ಪ ನೆಲ ನೋಡುತ್ತಾ ಗೊತ್ತಿಲ್ಲವೆಂದ.

ಆಕೆ ಕೂಗಾಡಲಿಲ್ಲ. “ನಂಗೆ ಹೊಲ ಬ್ಯಾಡ ಕಣೋ. ನಾನು ನಿನ್ನ ಅಕ್ಕ ಅಂತ ಒಂದು ಕಡೆ ಬರ್ಸಿದ್ರೆ ಸಾಕಾಗಿತ್ತು,” ಎಂದಳು. ಆಮೇಲೆ ಶ್ರೀರಾಮನ ಕಡೆ ತಿರುಗಿ ಬೇಡಿಕೊಂಡಳು. ನನ್ನ ಹೆಸರು ಬಿಡುತ್ತಾರೆಂದು ಕೇಳಿದ ಸಿಟ್ಟಿನಲ್ಲಿ ಕಲ್ಲಿನ ಬುಡಕ್ಕೆ ಮಾಟ ಹೂತುಬಿಟ್ಟಿದ್ದೇನೆ, ಅದನ್ನು ಒಡೆದವರಿಗೂ ಮುಟ್ಟಿದವರಿಗೂ ತಮ್ಮವರ ಬಂಧ ಹರಿದುಹೋಗುತ್ತದೆ, ಒಡೆದವನನ್ನು ಅವನವರು ಮರೆಯುತ್ತಾರೆ, ಮುಟ್ಟಿದವನು ತನ್ನವರನ್ನು ಮರೆಯುತ್ತಾನೆ, ತೆಗೆಸಲು ಅಮಾವಾಸ್ಯೆವರೆಗೆ ಸಮಯ ಕೊಡಿ ಎಂದಳು. ಶ್ರೀರಾಮ್ ಜೆಸಿಬಿಗೆ ಕೈ ಬೀಸಿದ.

ಕಲ್ಲು ಎದ್ದಿತು. ಅದರಡಿ ಕೆಂಪು ಬಟ್ಟೆ ಸುತ್ತಿದ ಮಣ್ಣಿನ ಕುಡಿಕೆ. ಸುಟ್ಟ ಕೂದಲಿನ ಕಮಟು, ಕೊಳೆತ ನಿಂಬೆಯ ಹುಳಿ ನಾತ ಗಂಟಲಿಗೆ ಅಡರಿದವು. ಶ್ರೀರಾಮ್ ಬೂಟುಗಾಲಿನಲ್ಲಿ ಒದ್ದ. ಒಡೆದ ಕುಡಿಕೆಯೊಳಗಿಂದ ಕರಿಕೂದಲು, ಒದ್ದೆ ಬೂದಿ, ಬಳೆಚೂರು ಚೆಲ್ಲಿದವು. ಅಕ್ಕನ ಬಳೆಯನ್ನು ಗುರುತು ಹಿಡಿದ ಲಕ್ಷ್ಮಣಪ್ಪ ಅಳುತ್ತಾ ಮಂಡಿಯೂರಿ ಕೈ ಚಾಚಿದ. ಬೇಡ ಬೇಡವೆಂದು ಆಕೆ ಓಡಿ ಬಂದಳು.

ಅಷ್ಟರಲ್ಲಿ ಬೆಳಕು ಹೋಯಿತು. ನಡುಮಧ್ಯಾಹ್ನ ಕತ್ತಲು. ಹೆದ್ದಾರಿಯಲ್ಲಿ ಲಾರಿಗಳ ಸದ್ದಿಲ್ಲ. ಜೆಸಿಬಿಯ ಸದ್ದಿಲ್ಲ. ಶ್ರೀರಾಮನ ಕಿವಿಯ ಹತ್ತಿರ ಯಾರೋ ಉಸಿರಾಡಿದರು. ತಣ್ಣಗೆ. ಪಿಸುಗುಟ್ಟಿದರು. ಮೇಧಾ. ಮಾನ್ಯಾ. ಅವನ ಹೆಂಡತಿ. ಅವನ ಮಗಳು. ಒಂದೊಂದು ಹೆಸರಿಗೂ ಎದೆಯೊಳಗೆ ನೂಲು ಪಟ್ಟನೆ ಹರಿಯಿತು. ಮತ್ತೆ ಬಿಸಿಲು. ಅವನು ತಿರುಗಿ ನೋಡದೆ ಕಾರಿಗೆ ಓಡಿದ.

ಸಂಜೆ ತುಮಕೂರಿನ ಮನೆಯ ಬಾಗಿಲು ತೆರೆದ ಮೇಧಾ, ಯಾರು ಬೇಕಿತ್ತು ಎಂದು ವಿನಯದಿಂದಲೇ ಕೇಳಿದಳು. ಅವನು ಅತ್ತ, ಮದುವೆಯ ತಾರೀಖು ಹೇಳಿದ, ಮಗಳು ಹುಟ್ಟಿದ ಗಳಿಗೆ ಹೇಳಿದ. ಅವಳ ಮುಖ ಬಿಳಿಚಿಕೊಂಡಿತು. ಐದು ವರ್ಷದ ಮಾನ್ಯಾ ಅಮ್ಮನ ಹಿಂದೆ ಅವಿತುಕೊಂಡು, “ಅಮ್ಮಾ, ಬಾಗ್ಲು ಹಾಕು. ಈ ಅಂಕಲ್ ಹೋಗ್ಲಿ,” ಎಂದಳು. ಬೆಳಿಗ್ಗೆ ಇದೇ ಮಗು ಅವನ ಕೊರಳು ಬಿಡದೆ ಹಟ ಮಾಡಿತ್ತು.

ಮರುದಿನ ದೇವನೂರಿಗೆ ಹೋಗಿ ಕಾಮಾಕ್ಷಮ್ಮನ ಕಾಲು ಹಿಡಿದ. ಅತ್ತು ಅತ್ತು ಆಕೆಯ ಕಣ್ಣು ಊದಿತ್ತು. ಬಿಡಿಸುವ ದಾರಿ ಒಂದೇ ಇದೆ ಎಂದಳು. ಮಾಟ ಹೂತ ಜಾಗದಲ್ಲಿ ನಿಂತು ಲಕ್ಷ್ಮಣಪ್ಪ ಮನಸಾರೆ ತನ್ನನ್ನು ಅಕ್ಕಾ ಎನ್ನಬೇಕು, ಒಂದು ಸಲ ಸಾಕು. ಆ ಕತ್ತಲಲ್ಲಿ ಅವನ ಕೈ ಚೂರುಗಳಿಗೆ ತಾಗಿರದಿದ್ದರೆ ಸರಿ ಎಂದು ಸಣ್ಣ ದನಿಯಲ್ಲಿ ಸೇರಿಸಿದಳು.

ಲಕ್ಷ್ಮಣಪ್ಪನನ್ನು ಹೊಲಕ್ಕೆ ಕರೆತಂದರು. ಕೆದರಿದ ಮಣ್ಣಿನ ಮೇಲೆ ನಿಂತ ಅವನಲ್ಲಿ ಈಗ ಅಳುಕಿರಲಿಲ್ಲ. ನೆಲ ನೋಡಲಿಲ್ಲ. ಆಕೆಯ ಮುಖವನ್ನೇ ದಿಟ್ಟಿಸಿದ. ನೆನಪಿಸಿಕೊಳ್ಳಲು ಪಾಪ, ನಿಜವಾಗಿಯೂ ಹೆಣಗಾಡಿದ. ಅಕ್ಕ ಅನ್ನು ಮಾರಾಯ ಎಂದು ಶ್ರೀರಾಮ್ ಅವನ ಭುಜ ಹಿಡಿದು ಗೋಗರೆದ.

ಲಕ್ಷ್ಮಣಪ್ಪ ಕೈ ಮುಗಿದ. “ತಪ್ಪು ತಿಳ್ಕಬ್ಯಾಡಿ ತಾಯಿ. ನಂಗೆ ಅಕ್ಕ ಇರ್ಲಿಲ್ಲ.”

ಕಾಮಾಕ್ಷಮ್ಮ ಸೆರಗಿನಿಂದ ಅವನ ಕೆನ್ನೆಯ ಧೂಳು ಒರೆಸಲು ಹೋದಳು. ಅವನು ಸಂಕೋಚದಿಂದ ಹಿಂದೆ ಸರಿದ.