ಅಕ್ಷರ ಅಳಿಸಿಹೋದ ಕೀಬೋರ್ಡ್

"ಇದು ಉಳಿಯಲ್ಲ ಮೇಡಂ. ಹೆಚ್ಚೆಂದ್ರೆ ಒಂದು ತಿಂಗಳು."

ಹಿಂದಿನ ಕೋಣೆಯಿಂದ ಅಂಟಿನ ಬ್ರಶ್ ಹಿಡಿದೇ ಓಡಿಬಂದ ಅವಳ ಎದೆ ಧಸಕ್ಕೆಂದಿತು. ಕುರ್ಚಿಯಲ್ಲಿ ಅಪ್ಪ. ಅಪ್ಪನ ಕಾಲ ಬಳಿ ಒಬ್ಬ ಅಪರಿಚಿತ!

"ಯಾರು ಉಳಿಯಲ್ಲ? ಬಿಡ್ತು ಅನ್ನಿ!"

"ಅಯ್ಯೋ, ಕಂಪ್ಯೂಟರ್ ಮೇಡಂ..." ಅವನು ಗಾಬರಿಯಿಂದ ಎದ್ದು ನಿಂತ. "ರಿಪೇರಿಗೆ ಅಂತ ನೀವೇ ಫೋನ್ ಮಾಡಿದ್ರಲ್ಲ?"

ಕಂಪ್ಯೂಟರಿನ ಡಬ್ಬದೊಳಗಿಂದ ಆ ಸದ್ದು ಮತ್ತೆ ಬಂತು. ಟಿಕ್... ಟಿಕ್... ಒಂದು ವಾರದಿಂದ ಅವಳ ನಿದ್ದೆ ಕೆಡಿಸಿದ್ದ ಸದ್ದು.

ಮನೆಗೆ ಅಂಟಿಕೊಂಡ ಆ ಟೈಪಿಂಗ್ ಅಂಗಡಿಯಲ್ಲಿ ಅಪ್ಪ ಮೂವತ್ತು ವರ್ಷ ಊರಿನವರ ಅರ್ಜಿ, ಪುಸ್ತಕ ಎಲ್ಲ ಟೈಪ್ ಮಾಡಿದ್ದರು. ಅವಳು ಹಿಂದಿನ ಕೋಣೆಯಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದಳು. ಟೈಪಿಂಗ್ ಕಲಿ ಎಂದಾಗಲೆಲ್ಲ ಅಂಟು ಮೆತ್ತಿದ ಕೈ ತೋರಿಸಿ ತಪ್ಪಿಸಿಕೊಂಡವಳು. ಹೋದ ವರ್ಷ ಪಾರ್ಶ್ವವಾಯು ಅಪ್ಪನ ಬಲಗೈಯನ್ನೂ ಮಾತನ್ನೂ ಒಟ್ಟಿಗೇ ಕಿತ್ತುಕೊಂಡಿತು. ಎಡಗೈ ಪೆನ್ನಿಗೆ ಬಗ್ಗಲಿಲ್ಲ. ಆದರೆ ಆ ಹಳೇ ಕೀಬೋರ್ಡ್ ಮುಂದೆ ಕೂರಿಸಿದ ದಿನ, ಬೆರಳುಗಳು ತಾವಾಗಿಯೇ ಓಡಿದವು. ಪರದೆಯ ಮೇಲೆ ಮೂಡಿತು: 'ಮಗಳೇ, ಅಳಬೇಡ.'

ಅಂದಿನಿಂದ ಅಪ್ಪನ ಬಾಯಿ ಅದೇ. ಗುಂಡಿಗಳ ಮೇಲಿನ ಅಕ್ಷರಗಳು ಎಂದೋ ಅಳಿಸಿಹೋಗಿದ್ದವು. ಯಾವ ಗುಂಡಿಗೆ ಯಾವ ಅಕ್ಷರ ಎಂಬುದು ಅಪ್ಪನ ಬೆರಳಿಗಷ್ಟೇ ಗೊತ್ತು.

"ಡಿಸ್ಕ್ ಬದಲಾಯಿಸಿ ಸಾಕು," ಎಂದಳು.

"ಡಿಸ್ಕ್ ಒಂದೇ ಅಲ್ಲ, ಇಡೀ ಮೆಷಿನ್ ಹೋಗ್ತಿದೆ. ಹೊಸ ಮೆಷಿನ್‌ಗೆ ಈ ಹಳೇ ಆಪರೇಟಿಂಗ್ ಸಿಸ್ಟಂ ಕೂರಲ್ಲ. ಬೇರೆ ಹಾಕ್ಬೇಕು."

"ಅದ್ರಲ್ಲಿ ಅಪ್ಪ ಟೈಪ್ ಮಾಡ್ತಾರಾ?"

ಅವನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. "ಇವರ ಟೈಪಿಂಗ್ ಸಾಫ್ಟ್‌ವೇರ್ ಅದ್ರಲ್ಲಿ ಓಡಲ್ಲ. ಅಕ್ಷರಗಳ ಜಾಗ ಎಲ್ಲಾ ಬೇರೆ. ಈಗಿನ ಸ್ಥಿತೀಲಿ ಬೆರಳು ಹೊಸದಾಗಿ ಕಲಿಯುತ್ತೋ ಇಲ್ವೋ..."

"ಕಲೀದಿದ್ರೆ?"

ಅಷ್ಟರಲ್ಲಿ ಅಪ್ಪ ಟೈಪ್ ಮಾಡಿದರು: 'ಬಾಯಿ ಬಿಟ್ಟರೆ ಅಪಶಕುನ. ಆದರೂ ಪ್ರಾಮಾಣಿಕ.'

ಅಂದಿನಿಂದ ಅವನ ಹೆಸರೇ ಅಪಶಕುನ ಎಂದಾಯಿತು.

ಬದಲಾಯಿಸಿದರೆ ಇವತ್ತೇ ಅಪ್ಪನ ಮಾತು ಹೋಗಬಹುದು. ಬದಲಾಯಿಸದಿದ್ದರೆ ಒಂದಲ್ಲ ಒಂದು ದಿನ ಹೋಗಿಯೇ ಹೋಗುತ್ತದೆ... ಅವಳಿಗೆ ಅತ್ತ ದರಿ, ಇತ್ತ ಪುಲಿ. 'ಇನ್ನೊಂದು ಸಲ ಸ್ಟ್ರೋಕ್ ಆದರೆ ಕಷ್ಟ' ಎಂದು ಡಾಕ್ಟರು ಬೇರೆ ಹೇಳಿದ್ದರು. ಟಿಕ್ ಟಿಕ್ ಸದ್ದು ಕೇಳಿದಾಗಲೆಲ್ಲ ಅವಳು ಮೊದಲು ಅಪ್ಪನ ಮುಖ ನೋಡುತ್ತಿದ್ದಳು.

ಹಳೇ ಮೆಷಿನ್ ನೋಡಿಕೊಳ್ಳುವ ನೆಪದಲ್ಲಿ ಅಪಶಕುನ ದಿನಾ ಸಂಜೆ ಬರತೊಡಗಿದ. ಅಪ್ಪನ ಪಕ್ಕ ಸ್ಟೂಲ್ ಎಳೆದು ಕೂರುತ್ತಿದ್ದ. ವಿಚಿತ್ರವೆಂದರೆ ಪರದೆ ನೋಡುತ್ತಲೇ ಇರಲಿಲ್ಲ, ಅಪ್ಪನ ಬೆರಳುಗಳನ್ನೇ ನೋಡುತ್ತಿದ್ದ! 'ಕೆಲಸವಿಲ್ಲದ ಬಡಗಿ' ಎಂದು ಅವಳು ಗೊಣಗಿದಳು. ಆದರೆ ಐದು ಗಂಟೆಯಾದರೆ ಸಾಕು, ಕಿವಿ ಬಾಗಿಲ ಕಡೆಗೇ. ಛೇ, ನನಗೇನಾಗಿದೆ!

ಮೂರನೇ ವಾರ ಪರದೆ ಎರಡು ಸಲ ತಾನಾಗಿ ಆರಿತು. ಅದೇ ದಿನ ಅವನ ಲ್ಯಾಪ್‌ಟಾಪ್ ಮೇಲೆ ಅವಳ ಕಣ್ಣು ಬಿತ್ತು. ಅದರಲ್ಲಿ ಅಪ್ಪನ ಬರಹಗಳು! ಒಂದು ವರ್ಷ ಅಪ್ಪ ಅವಳೊಂದಿಗೆ ಆಡಿದ ಮಾತೆಲ್ಲ. ಅಮ್ಮನ ಕೊನೆಯ ದಿನಗಳ ಬಗ್ಗೆ, ಸಾವಿನ ಭಯದ ಬಗ್ಗೆ, ಅವಳ ಮದುವೆಯ ಚಿಂತೆಯ ಬಗ್ಗೆ...

"ಯಾರನ್ನ ಕೇಳಿ ಕಾಪಿ ಮಾಡಿದ್ರಿ?"

"ಮೇಡಂ, ಅದು... ನಾನು ಹೇಳೋದನ್ನ..."

"ಮಾತು ಬರದವರ ಮಾತನ್ನೂ ಕದೀತಾರಾ? ಎದ್ದು ಹೋಗಿ!"

ಅವನು ಹೋದ. ಒಂದೇ ಒಂದು ಸಲ ತಿರುಗಿ ನೋಡಿದ, ಅಷ್ಟೇ.

ಮರುದಿನ ಬೆಳಿಗ್ಗೆ ಟಿಕ್ ಟಿಕ್ ನಿಂತಿತ್ತು.

ಪರದೆ ಕಪ್ಪು. ಅವಳು ಗುಂಡಿ ಒತ್ತಿದಳು, ವಯರ್ ಕಿತ್ತು ಮತ್ತೆ ಚುಚ್ಚಿದಳು. ಊಹುಂ. ತಿರುಗಿ ನೋಡಿದರೆ ಅಪ್ಪ ಟೈಪ್ ಮಾಡುತ್ತಲೇ ಇದ್ದಾರೆ! ಸತ್ತ ಯಂತ್ರದ ಮೇಲೆ ಎಡಗೈ ಓಡುತ್ತಿದೆ. ನಿಲ್ಲುತ್ತದೆ, ಮತ್ತೆ ಅದನ್ನೇ ಒತ್ತುತ್ತದೆ. ಕಣ್ಣು ಮಾತ್ರ ಅವಳ ಮುಖದ ಮೇಲೆ.

"ಅಪ್ಪಾ, ನಂಗೆ ಗೊತ್ತಾಗ್ತಿಲ್ಲ..." ಅಪ್ಪ ಇಲ್ಲೇ ಇದ್ದಾರೆ, ಆದರೂ ತಲುಪಲಾಗುತ್ತಿಲ್ಲ!

ಅವಳು ಅಪಶಕುನನಿಗೆ ಫೋನ್ ಮಾಡಿದಳು. "ಬನ್ನಿ..." ಎಂದಷ್ಟೇ ಹೇಳಿ ಇಟ್ಟಳು.

ಅವನು ಬಂದವನೇ ಕಂಪ್ಯೂಟರ್ ಕಡೆ ನೋಡಲಿಲ್ಲ. ಅಪ್ಪನ ಪಕ್ಕ ಮಂಡಿಯೂರಿ, ಬೆರಳುಗಳನ್ನೇ ನೋಡುತ್ತಾ ಮೆಲ್ಲಗೆ ಓದಿದ:

"ಮಗಳೇ... ಕಾಣ್ತಿಲ್ಲ... ನಿನಗೆ ಕೇಳಿಸ್ತಿದೆಯಾ?"

ಅವಳು ಬೆಚ್ಚಿದಳು. "ನಿಮಗೆ... ಓದೋಕೆ ಬರುತ್ತಾ?!"

"ಮೂರು ವಾರದಿಂದ ಕಲೀತಿದ್ದಿದ್ದು ಇದನ್ನೇ. ಯಾವ ಬೆರಳು, ಯಾವ ಗುಂಡಿ, ಯಾವ ಅಕ್ಷರ... ಬರಹಾನ ಬೆರಳಿನ ಜೊತೆ ಹೊಂದಿಸಿ ನೋಡದೆ ತಿಳೀತಿರಲಿಲ್ಲ. ಯಾವ ಗಳಿಗೇಲಿ ಆ ಬರಹ ಎಲ್ಲಾ ಹೋಗಿಬಿಡುತ್ತೋ ಅನ್ನೋ ಭಯಾನೂ ಇತ್ತು. ಕೇಳದೆ ಕಾಪಿ ಮಾಡಿದ್ದು ತಪ್ಪೇ."

"ಅಪ್ಪಾ, ಕೇಳಿಸ್ತಿದೆ! ಕೇಳಿಸ್ತಿದೆ ಅಪ್ಪಾ!"

ಅಪ್ಪನ ಬೆರಳು ಮತ್ತೆ ಓಡಿತು. ಅವನು ಓದಹೊರಟವನು ತಟ್ಟನೆ ನಿಂತ. ಕಿವಿ ಕೆಂಪಾಯಿತು.

"ಏನಂತೆ?"

"ಅದು... ನಾನು ಓದಲ್ಲ."

ಅವನು ಚೀಲದಿಂದ ಲ್ಯಾಪ್‌ಟಾಪ್ ತೆಗೆದ. "ಇದ್ರಲ್ಲಿ ಹೊಸ ಸಿಸ್ಟಂ ಇದೆ. ಪ್ರತಿ ಅಕ್ಷರವನ್ನೂ ಇವರ ಬೆರಳಿನ ಜಾಗದಲ್ಲೇ ಕೂರಿಸಿದ್ದೀನಿ. ಆದ್ರೂ ಕೆಲಸ ಮಾಡುತ್ತೆ ಅಂತ ಮಾತು ಕೊಡಲಾರೆ. ನೀವು ಹೂಂ ಅಂದ್ರೆ ಮಾತ್ರ..."

ಅವಳು ಅಪ್ಪನನ್ನು ನೋಡಿದಳು. ಆ ಬೆರಳುಗಳು ಸುಮ್ಮನಾದರೆ?

"ಹೂಂ. ಬದಲಾಯಿಸಿ."

ಹಳೇ ಕೀಬೋರ್ಡನ್ನೇ ಅವನು ಅದಕ್ಕೆ ಜೋಡಿಸಿದ. ಅಪ್ಪನ ಬೆರಳು ಗುಂಡಿಯ ಮೇಲೆ ಬಂತು. ನಿಂತಿತು. ಎಷ್ಟು ಹೊತ್ತು! ಅವಳಿಗೆ ತಿಳಿಯದಂತೆ ಅವಳ ಕೈ ಅವನ ತೋಳನ್ನು ಬಿಗಿಯಾಗಿ ಹಿಡಿದಿತ್ತು.

ಪರದೆಯ ಮೇಲೆ ಅಕ್ಷರಗಳು ಮೂಡಿದವು:

'ಅವನು ಓದದೆ ನುಂಗಿಕೊಂಡದ್ದು ಇದು. ಈ ಅಪಶಕುನಕ್ಕೆ ನೀನಂದರೆ ಪ್ರಾಣ. ನಿನಗೂ ಅಷ್ಟೇ. ಬಾಯಿ ಹೋದವನು ನಾನು. ನಿಮ್ಮಿಬ್ಬರಿಗೇನು ಬಂತು?'

ಅವಳು ಅತ್ತಳು, ನಕ್ಕಳು. ಅವನ ತೋಳು ಬಿಡಲಿಲ್ಲ.

"ನಿಜಾನಾ?"

"ನಂಗೆ ಸುಳ್ಳು ಹೇಳೋಕೆ ಬರಲ್ಲ ಅಂತ ಗೊತ್ತಲ್ಲ..."

"ಹಾಗಾದ್ರೆ ಹೇಳಿ, ಈ ಹೊಸ ಮೆಷಿನ್ ಎಷ್ಟು ದಿನ ಉಳಿಯುತ್ತೆ?"

"ಇದೂ ಒಂದು ದಿನ ಹೋಗುತ್ತೆ."

"ಬಾಯಿ ಬಿಟ್ರೆ ಅಪಶಕುನ! ಆಗ ಫೋನ್ ಮಾಡಿದ್ರೆ ಬರ್ತೀರಾ?"

"ಇಲ್ಲಿಂದ ಹೋದ್ರೆ ತಾನೇ ಬರೋದು!"