ಬೇಗೂರಿನ ಕಪ್ಪು ಕಾರು

"ಈ ದುಡ್ಡು ಪೂರ್ತಿ ನಿಮ್ಮದೇನಾ?"

ಕೇಳಿದ ಮೇಲೆ ನಾಗರತ್ನಳಿಗೇ ಗಾಬರಿಯಾಯಿತು. ಅಯ್ಯೋ... ಇದೇನು ಕೇಳಿಬಿಟ್ಟೆ ನಾನು!

ಮೇಜಿನಾಚೆ ಕೂತಿದ್ದ ಯುವಕನ ಮುಖ ಕೆಂಪಾಯಿತು. ಒಗೆದು ಇಸ್ತ್ರಿ ಮಾಡಿದ ಬಿಳಿ ಶರ್ಟು, ಉಗುರಿನ ಸಂದಿಯಲ್ಲಿ ಎಷ್ಟು ತೊಳೆದರೂ ಹೋಗದ ಅರಿಶಿನದ ಹಳದಿ. ಅವಳು ಕೆಲಸ ಮಾಡುವ ಚಾಮರಾಜನಗರದ ಬ್ಯಾಂಕಿಗೆ ಅವನು ಬಂದಿದ್ದು ತನ್ನ ಠೇವಣಿ ಮುರಿಸಿಕೊಳ್ಳಲು. ಮೈಸೂರಿನ ಷೋರೂಮಿನಲ್ಲಿ ಒಂದು ಕಪ್ಪು ಕಾರು ನೋಡಿದ್ದನಂತೆ. ಜರ್ಮನಿಯದು. ಪೂರ್ತಿ ಹಣ ಒಂದೇ ಸಲ ಕಟ್ಟಿ ತರಬೇಕೆಂದು ತೀರ್ಮಾನಿಸಿದ್ದ.

"ಅಂದ್ರೆ ಏನ್ರೀ ಮೇಡಂ? ಕದ್ದಿದ್ದು ಅಂತಲಾ?"

"ಛೆ, ಹಾಗಲ್ಲ..."

"ಮತ್ತೆಂಗೆ? ಠೇವಣಿ ಯಾರ ಹೆಸರಲ್ಲಿ ಅದೆ ನೋಡಿ. ದಿಲೀಪ್, ತಂದೆ ಮರಿಮಲ್ಲಪ್ಪ, ಬೇಗೂರು. ನನ್ ಹೆಸರು ನಾನು ಓದ್ಬೇಕಾ, ನೀವೇ ಓದ್ತೀರಾ?"

ಆ ಹೆಸರನ್ನು ಅವಳು ಆಗಲೇ ಓದಿದ್ದಳು. ಓದಿದ್ದರಿಂದಲೇ ಆ ಮಾತು ಬಾಯಿಗೆ ಬಂದಿದ್ದು.

ಬೇಗೂರಿನ ಮರಿಮಲ್ಲಪ್ಪನ ಅರಿಶಿನ ಮಂಡಿ ಎಂದರೆ ಸುತ್ತಿನ ಹಳ್ಳಿಗಳಿಗೆಲ್ಲ ಗೊತ್ತು. ರೈತರು ಅರಿಶಿನ ತಂದು ತೂಗಿಸುತ್ತಾರೆ, ಬೆಲೆ ಕಟ್ಟಿಸುತ್ತಾರೆ. ಆದರೆ ಹಣವನ್ನು ಅಂದೇ ತೆಗೆದುಕೊಂಡು ಹೋಗುವವರು ಕಡಿಮೆ. "ಇರ್ಲಿ ಬುಡಪ್ಪ, ಬೇಕಾದಾಗ ಈಸ್ಕೊತೀನಿ" ಎಂದು ಟವೆಲು ಕೊಡವಿಕೊಂಡು ಬಸ್ಸು ಹತ್ತುತ್ತಾರೆ. ಮಗನ ಫೀಸಿಗೋ, ಬೋರ್‌ವೆಲ್ಲಿಗೋ, ಮದುವೆಗೋ ಬೇಕಾದಾಗ ಬಂದು ಕೇಳುತ್ತಾರೆ. ಕೇಳಿದ ದಿನವೇ ಮಂಡಿಯವರು ಕೊಡುತ್ತಾರೆ. ಮರಿಮಲ್ಲಪ್ಪನ ಅಪ್ಪನ ಕಾಲದಿಂದಲೂ ಹಾಗೆಯೇ ನಡೆದುಬಂದಿದೆ.

ಇದೆಲ್ಲ ನಾಗರತ್ನಳಿಗೆ ಗೊತ್ತಿದ್ದದ್ದು ಬ್ಯಾಂಕಿನ ಓದಿನಿಂದಲ್ಲ. ಚಂದಕವಾಡಿಯ ಅವಳಪ್ಪ ನೀಲಕಂಠಸ್ವಾಮಿಯ ಅರಿಶಿನದ ಹಣವೂ ಅದೇ ಮಂಡಿಯಲ್ಲಿತ್ತು. ಅವಳ ಮದುವೆಗೆಂದು ಇಟ್ಟಿದ್ದ ಹಣ.

ಅದನ್ನು ಮಾತ್ರ ಅವಳು ಹೇಳಲಿಲ್ಲ.

"ಠೇವಣಿ ನಿಮ್ಮದೇ," ಎಂದಳು ಮೆಲ್ಲಗೆ. "ಆದ್ರೆ ರೈತರು ಬಂದು ಕೇಳಿದ್ರೆ ಕೊಡೋಕೆ ಇರೋದೂ ಇದೇ ಅಲ್ವಾ? ಇದನ್ನೆಲ್ಲ ಕಾರಿಗೆ ಹಾಕ್ಬಿಟ್ರೆ, ಹೊಸ ಬೆಳೆ ಬರೋವರೆಗೂ ನಿಮ್ಮ ಕೈ ಖಾಲಿ. ಸಾಲದ ಮೇಲೆ ಕಾರು ತಗೊಳ್ಳಿ. ಅರಿಶಿನ ಮಾರಿದ ಮೇಲೆ ತೀರಿಸಿಬಿಡಿ. ಸ್ವಲ್ಪ ಬಡ್ಡಿ ಹೋಗುತ್ತೆ, ನೆಮ್ಮದಿ ಇರುತ್ತೆ."

"ಸಾಲದ್ ಕಾರಾ!" ಅವನು ಎದ್ದೇ ನಿಂತ. "ನಮ್ಮೂರಲ್ಲಿ ಕಾರು ಬಂದು ನಿಂತ್ರೆ ಮೈಲೇಜ್ ಯಾರೂ ಕೇಳಲ್ಲ ಕಣ್ರೀ. ಕ್ಯಾಶಾ, ಲೋನಾ ಅಂತ ಮೊದ್ಲು ಕೇಳ್ತಾರೆ. ಲೋನು ಅಂದ್ರೆ, ಓ ಬ್ಯಾಂಕಿನೋರ ಕಾರು ಅಂದ್ಬುಟ್ಟು ಮುಖ ತಿರುಗಿಸ್ಕಂಡು ಓಗ್ತಾರೆ!"

ಸರಕ್ಕನೆ ಹೊರಟುಹೋದ.

ಸಾಲ ಕೊಡಿಸಿದರೆ ನನಗೆ ಕಮಿಷನ್ನು ಸಿಗುತ್ತದೆ ಅಂದುಕೊಂಡನೇನೋ... ನಾಗರತ್ನ ಅಂದು ಮಧ್ಯಾಹ್ನದ ಬುತ್ತಿಯನ್ನು ಅರ್ಧಕ್ಕೇ ಮುಚ್ಚಿಟ್ಟಳು.

ಆದರೆ ಅವನು ಮತ್ತೆ ಬಂದ. ಒಂದು ವಾರ ಕಳೆದಿರಬೇಕು. ಈ ಸಲ ಕೂರುವ ಮೊದಲು "ಕೂತ್ಕೊಳ್ಲಾ?" ಎಂದು ಕೇಳಿದ.

"ನೀವು ಹೇಳಿದ್ದು ತಲೇಲಿ ಕೂತ್ಬುಟ್ಟಿದೆ ಮೇಡಂ. ಮೊನ್ನೆ ರಾಚಮ್ಮ ಅಂತ ಒಬ್ಬಜ್ಜಿ ಬಂದು, ಕಣ್ಣಿನ ಆಪರೇಷನ್ನಿಗೆ ದುಡ್ಡು ಕೊಡಪ್ಪ ಅಂತು. ಕೊಟ್ಟೆ. ಕೊಡುವಾಗ ಅನ್ನಿಸ್ತು... ಕಾರು ಬಂದಿದ್ದಿದ್ರೆ ಏನು ಕೊಡ್ತಿದ್ದೆ?"

ನಾಗರತ್ನ ಸಾಲದ ಅರ್ಜಿಯನ್ನು ಅವನ ಮುಂದೆ ಸರಿಸಿದಳು. ಅವಳ ತುಟಿಯಂಚಿನ ನಗುವನ್ನು ಅವನು ನೋಡಿದ. ನೋಡಿದ್ದನ್ನು ಅವಳೂ ನೋಡಿದಳು.

ಸಾಲದ ಕೆಲಸಕ್ಕೆ ಅಷ್ಟೊಂದು ಸಲ ಬರಬೇಕಿರಲಿಲ್ಲ. ಒಂದು ಸಹಿ ಬಿಟ್ಟುಹೋಗಿದೆ ಎಂದು ಒಮ್ಮೆ ಬಂದ. ಬಿಟ್ಟಿರಲಿಲ್ಲ. ಬಡ್ಡಿಯನ್ನು ಇನ್ನೊಂದು ಸಲ ವಿವರಿಸಿ ಎಂದು ಮತ್ತೊಮ್ಮೆ ಬಂದ. ಬಡ್ಡಿ ಲೆಕ್ಕ ಹಾಕುವುದರಲ್ಲಿ ಅವನು ಅವಳಿಗಿಂತ ಚುರುಕು! ಪಕ್ಕದ ಮೇಜಿನ ರೂಪಶ್ರೀ "ನಿನ್ ಹಳದಿ ಉಗುರು ಬಂತು ನೋಡೇ" ಎಂದು ಕಿವಿಯಲ್ಲಿ ಉಸುರಿದಾಗ ನಾಗರತ್ನ ಗಣಕಯಂತ್ರದ ಹಿಂದೆ ಮುಖ ಮರೆಮಾಡಿಕೊಂಡಳು.

"ಇಷ್ಟು ದುಬಾರಿ ಕಾರು ಯಾಕೆ ಬೇಕು ನಿಮಗೆ?" ಎಂದು ಒಂದು ದಿನ ಕೇಳಿದಳು.

ಅವನು ಕಿಟಕಿಯಾಚೆಯ ರಸ್ತೆಯತ್ತ ನೋಡಿದ.

"ನಮ್ಮನೆ ಇರೋದು ಹೈವೇ ಮಗ್ಗುಲಲ್ಲೇ. ಚಿಕ್ಕಂದಿನಿಂದ ನೋಡ್ತಿದ್ದೀನಿ, ಊಟಿಗೆ ಓಗೋ ಕಾರು, ಕೇರಳಕ್ಕೆ ಓಗೋ ಕಾರು. ಎಂಥೆಂಥ ಕಾರು ಅಂತೀರಿ! ಎಲ್ಲ ಬರ್ರಂತ ಓಗ್ಬುಡೋವು. ಗುಂಡ್ಲುಪೇಟೇಲಿ ಟೀ ಕುಡಿಯೋಕೆ ನಿಲ್ಲೋವು, ನಮ್ಮೂರಲ್ಲಿ ಒಂದೂ ನಿಲ್ತಿರ್ಲಿಲ್ಲ. ಅಂಥದ್ದೊಂದು ಕಾರು ಬೇಗೂರಿಗೇ ಬಂದು, ಇಂಡಿಕೇಟರ್ ಹಾಕಿ, ನಮ್ಮನೆ ಕಡೆ ತಿರುಗ್ಬೇಕು ಅಂತ ಆಸೆ. ಅಷ್ಟೇ ಕಣ್ರೀ. ನಗ್ಬೇಡಿ."

ಅವಳು ನಗಲಿಲ್ಲ. ಎದೆಯೊಳಗೆ ಏನೋ ಕರಗಿದಂತಾಯಿತು. ಇಷ್ಟು ದೊಡ್ಡ ಗಂಡಸಿನೊಳಗೆ ರಸ್ತೆಯ ಬದಿ ನಿಂತ ಪುಟ್ಟ ಹುಡುಗ ಇನ್ನೂ ನಿಂತೇ ಇದ್ದಾನಲ್ಲ...

ಧನುರ್ಮಾಸಕ್ಕೆ ಮುಂಚೆ ಕಾರು ಬಂತು.

ಎಡವಟ್ಟು ಆಗಿದ್ದು ಷೋರೂಮಿನಲ್ಲಿ. ಕಾರು ಒಪ್ಪಿಸುವಾಗ ಬ್ಯಾಂಕಿನ ಮ್ಯಾನೇಜರೂ ಹೋಗಿದ್ದರು. ಬಾಗಿಲಿನಷ್ಟು ದೊಡ್ಡ ರಟ್ಟಿನ ಬೀಗದ ಕೈ, ಅದರ ಮೇಲೆ ದಪ್ಪಕ್ಷರದಲ್ಲಿ 'ವಾಹನ ಸಾಲ'. ದಿಲೀಪ ಅದನ್ನು ಹಿಡಿದು ನಿಂತ ಫೋಟೋವನ್ನು ಅವನ ಚಿಕ್ಕಪ್ಪನ ಮಗ ಶಿವಮಲ್ಲು ಖುಷಿಯಿಂದ ಸ್ಟೇಟಸ್ಸಿಗೆ ಹಾಕಿಕೊಂಡ.

ಕತ್ತಲಾಗುವುದರೊಳಗೆ ಸುತ್ತಿನ ಹಳ್ಳಿಗಳಿಗೆಲ್ಲ ಫೋಟೋ ತಲುಪಿತು. ಕಾರನ್ನು ಯಾರೂ ನೋಡಲಿಲ್ಲ. ಎಲ್ಲರೂ ನೋಡಿದ್ದು ಆ ಎರಡು ಪದಗಳನ್ನು.

ಮರಿಮಲ್ಲಪ್ಪನ ಮಗ ಸಾಲ ಮಾಡಿ ಕಾರು ತಂದನಂತೆ... ಅಂದ್ರೆ ಕೈಯಲ್ಲಿ ಕಾಸಿಲ್ಲ ಅಂತಾಯ್ತು. ಅಂದ್ರೆ... ನಮ್ ದುಡ್ಡೆಲ್ಲಿ?

ಭಾನುವಾರ ಬೆಳಿಗ್ಗೆ ಮಂಡಿಯ ಬಾಗಿಲು ತೆರೆಯುವುದಕ್ಕೆ ಮೊದಲೇ ಅಂಗಳ ತುಂಬಿತ್ತು. ಯಾರೂ ಜಗಳ ಮಾಡಲಿಲ್ಲ. "ಏನೋ ಖರ್ಚು ಬಂದದೆ ಕಣಪ್ಪ" ಎಂದು ತಲೆ ತಗ್ಗಿಸಿ ನಿಂತಿದ್ದರು, ಅಷ್ಟೆ. ಅದೇ ದಿಲೀಪನನ್ನು ಹೆಚ್ಚು ಚುಚ್ಚಿತು.

"ನಾಳೆ ಮಧ್ಯಾಹ್ನ ಬನ್ನಿ. ಎಲ್ರಿಗೂ ಕೊಡ್ತೀನಿ," ಎಂದ.

ಮರಿಮಲ್ಲಪ್ಪ ಜಗುಲಿಯ ಮೇಲಿಂದ ಗುಡುಗಿದರು. "ಕ್ಯಾಶಲ್ಲಿ ತಕ್ಕಂಡಿದ್ರೆ ಇವ್ರ್ಯಾರೂ ಬತ್ತಿರ್ನಿಲ್ಲ ಕಣ್ಲಾ! ಯಾವಳೋ ಬ್ಯಾಂಕಿನೋಳ ಮಾತು ಕಟ್ಕಂಡು ಮನೆ ಮರ್ವಾದೆ ಕಳ್ದೆಯಲ್ಲೋ!"

ಸೋಮವಾರ ಬ್ಯಾಂಕು ತೆರೆಯುತ್ತಲೇ ಅವನು ನಾಗರತ್ನಳ ಮುಂದೆ ಬಂದು ಕೂತ. ಕಣ್ಣು ಕೆಂಪಾಗಿದ್ದವು.

"ಠೇವಣಿ ಮುರಿಬೇಕು. ನಗದು ಬೇಕು."

"ಏನಾಯ್ತು?"

ಹೇಳಿದ. ಎರಡೇ ಮಾತಿನಲ್ಲಿ. ಅವಳು ಕೀಲಿಮಣೆಯಿಂದ ಕೈ ತೆಗೆದಳು. ಎಲ್ಲ ನನ್ನಿಂದಲೇ... ನಾನು ಸುಮ್ಮನಿದ್ದಿದ್ದರೆ!

"ನನ್ನನ್ನ ಬೈದ್ಬಿಡಿ," ಎಂದಳು ತಗ್ಗಿದ ದನಿಯಲ್ಲಿ.

"ಈಗ ಟೈಮಿಲ್ಲ," ಎಂದ ಅವನು. ತಮಾಷೆಯೋ ಸಿಟ್ಟೋ ಅವಳಿಗೆ ತಿಳಿಯಲಿಲ್ಲ.

ಅವನು ಹಣದ ಚೀಲದೊಂದಿಗೆ ಹೊರಟ ಸ್ವಲ್ಪ ಹೊತ್ತಿಗೇ ಅವಳ ಫೋನು ರಿಂಗಾಯಿತು. ಅಪ್ಪ!

"ಅಮ್ಮಿ, ನಾನು ಬೇಗೂರ್ಗೆ ಓಯ್ತಾ ಇವ್ನಿ. ಮಂಡಿ ಮುಳುಗೋದದಂತೆ ಕಣವ್ವ. ನಿನ್ ಮದ್ವೆ ದುಡ್ಡು..."

"ಅಪ್ಪಾ, ಬ್ಯಾಡ ಕಣಪ್ಪ! ಅವ್ರು ಅಂಥೋರಲ್ಲ!"

"ನಿಂಗೇನ್ ಗೊತ್ತು ಬುಡು!" ಫೋನು ಕಡಿದುಹೋಯಿತು.

ಅರ್ಧ ದಿನ ರಜೆ ಬರೆದುಕೊಟ್ಟು ಅವಳೂ ಬಸ್ಸು ಹತ್ತಿದಳು.

ಮಂಡಿಯ ಅಂಗಳದಲ್ಲಿ ಸಾಲು ನಿಂತಿತ್ತು. ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆದು, "ಎಣಿಸ್ಕೊ ದೊಡ್ಡಪ್ಪ", "ಜೋಪಾನ ಕಣಕ್ಕ" ಎಂದು ದಿಲೀಪ ಕೊಡುತ್ತಿದ್ದ. ಅವನಮ್ಮ ಪುಟ್ಟಮಲ್ಲಮ್ಮ ಬಂದವರಿಗೆಲ್ಲ ಮಜ್ಜಿಗೆ ಹಂಚುತ್ತಿದ್ದರು. ಬೇವಿನ ಮರದ ಕೆಳಗೆ ನಿಂತ ಕಪ್ಪು ಕಾರಿನ ಮೇಲೆ ಆಗಲೇ ಅರಿಶಿನದ ಧೂಳು ಕೂತಿತ್ತು.

ನಾಗರತ್ನ ಒಳಗೆ ಬರುವಾಗ ಅವಳಪ್ಪನ ಸರದಿ ಬಂದಿತ್ತು.

"ಮಗಳ ಮದ್ವೆ ದುಡ್ಡು ಕಣಪ್ಪ," ಎಂದರು ನೀಲಕಂಠಸ್ವಾಮಿ, ಸಂಕೋಚದಿಂದ. "ಇಲ್ದಿದ್ರೆ ಕೇಳ್ತಿರ್ನಿಲ್ಲ."

"ಒಳ್ಳೇದಾಗ್ಲಿ ಯಜಮಾನ್ರೇ. ಯಾವೂರ ಗಂಡು..." ಎನ್ನುತ್ತ ತಲೆಯೆತ್ತಿದವನ ಕಣ್ಣಿಗೆ, ಅವರ ಹಿಂದೆ ಏದುಸಿರು ಬಿಡುತ್ತ ಬಂದು ನಿಂತ ಅವಳು ಬಿದ್ದಳು.

"ಅಪ್ಪಾ..." ಎಂದಳು ಅವಳು.

ದಿಲೀಪನ ಕೈ ನೋಟಿನ ಕಟ್ಟಿನ ಮೇಲೆ ಹಾಗೇ ನಿಂತಿತು. ನಂತರ ಮೆಲ್ಲಗೆ ಮುಂದೆ ಸರಿಯಿತು. ಅವನು ಅವಳತ್ತ ಮತ್ತೆ ನೋಡಲಿಲ್ಲ.

"ಎಣಿಸ್ಕೊಳ್ಳಿ," ಎಂದ. ದನಿ ಬೇರೆಯಾಗಿತ್ತು.

ಬಸ್ಸಿನಲ್ಲಿ ಅಪ್ಪ ಚೀಲವನ್ನು ಎದೆಗವಚಿಕೊಂಡು ಕೂತಿದ್ದರು. ನಾಗರತ್ನ ಕಿಟಕಿಯ ಕಡೆ ಮುಖ ಮಾಡಿದ್ದಳು. ಸಾಲ ಮಾಡಿಸಿದವಳು ನಾನೇ, ಅಪ್ಪನನ್ನು ಕರೆತಂದವಳೂ ನಾನೇ ಅಂದುಕೊಂಡಿರುತ್ತಾನೆ... ಇನ್ನು ಅವನು ನನ್ನ ಮುಖ ನೋಡುತ್ತಾನೆಯೇ?

ಅವನು ಬರಲಿಲ್ಲ. ಸಂಕ್ರಾಂತಿ ಕಳೆಯಿತು. ಹೊಲಗಳಲ್ಲಿ ಅರಿಶಿನ ಕಿತ್ತರು, ಬೇಯಿಸಿದರು, ಒಣಗಿಸಿದರು. ಚಾಮರಾಜನಗರದ ಗಾಳಿಯಲ್ಲೂ ಆ ವಾಸನೆ ಬಂದಾಗ ಅವಳ ಕೈ ಕೆಲಸ ಮರೆಯುತ್ತಿತ್ತು. ತಿಂಗಳು ತಿಂಗಳು ಅವನ ಕಂತು ಮಾತ್ರ ತಪ್ಪದೆ ತಾನಾಗಿಯೇ ಜಮೆಯಾಗುತ್ತಿತ್ತು. ಪರದೆಯ ಮೇಲೆ ಆ ಹೆಸರನ್ನು ಒಂದು ಕ್ಷಣ ಹೆಚ್ಚಿಗೆ ನೋಡುವುದೇ ಅವಳ ಪಾಲಿನ ಭೇಟಿಯಾಗಿತ್ತು.

ಯುಗಾದಿ ಕಳೆದ ಮೇಲೆ ಒಂದು ಮಧ್ಯಾಹ್ನ ಕುರ್ಚಿ ಸರಿದ ಸದ್ದಾಯಿತು.

"ನಮಸ್ಕಾರ ಮೇಡಂ."

ಅವನೇ! ಕೊಂಚ ಸೊರಗಿದ್ದ.

"ಅರಿಶಿನ ಒಳ್ಳೇ ರೇಟಿಗೆ ಹೋಯ್ತು. ಕಾರಿನ ಸಾಲ ಪೂರ್ತಿ ತೀರಿಸ್ಬುಡೋಣ ಅಂತ ಬಂದೆ. ಏನಂತೀರಿ? ತೀರಿಸ್ಲಾ, ಬ್ಯಾಡ್ವಾ?"

ತೀರಿಸಿದರೆ ಇವನು ಇನ್ನು ಬರುವುದೇ ಇಲ್ಲ... ಬೇಡ ಎಂದುಬಿಡಲೇ? ಆ ಒಂದು ಪದ ನಾಲಿಗೆಯ ತುದಿಗೆ ಬಂತು. ಅವಳು ಅದನ್ನು ನುಂಗಿಕೊಂಡಳು.

"ತೀರಿಸಿ," ಎಂದಳು. "ಈಗ ಕೈಯಲ್ಲಿದೆ, ಬಡ್ಡಿ ಉಳಿಯುತ್ತೆ. ಆವತ್ತು ಸಾಲ ಸರಿ, ಇವತ್ತು ತೀರಿಸೋದೇ ಸರಿ."

"ಆಯ್ತು." ಅವನು ಸಹಿ ಹಾಕಿದ. ಪೆನ್ನನ್ನು ಕೆಳಗಿಡದೆ ಹಾಗೇ ಹಿಡಿದುಕೊಂಡ. "ಮದ್ವೆ... ಚೆನ್ನಾಗಾಯ್ತಾ?"

"ಯಾರ ಮದುವೆ?"

"ನಿಮ್ದು."

ನಾಗರತ್ನ ಕಣ್ಣರಳಿಸಿ ನೋಡಿದಳು. "ನನಗೆ ಮದುವೆ ಅಂತ ಯಾರು ಹೇಳಿದ್ರು?"

"ನಿಮ್ಮಪ್ಪ ಬಂದು ಮದ್ವೆ ದುಡ್ಡು ಈಸ್ಕೊಂಡು ಹೋದ್ರಲ್ಲ! ಎಲ್ರೂ ತಿಂಗಳೊಳಗೆ ವಾಪಸ್ ತಂದು ಇಟ್ರು, ತಪ್ಪಾಯ್ತು ಕಣಪ್ಪ ಅಂದ್ರು. ನಿಮ್ಮಪ್ಪ ಒಬ್ರೇ ಬರ್ಲಿಲ್ಲ. ಅದ್ಕೆ ಗ್ಯಾರಂಟಿ ಮಾಡ್ಕಂಡೆ, ಖರ್ಚಾಯ್ತು, ಮದ್ವೆ ಆಗೋಯ್ತು ಅಂತ."

ಅವಳಿಗೆ ನಗು ಬಂತು. ನಗುವಿನ ಹಿಂದೆಯೇ ಕಣ್ಣೀರೂ ಬಂತು.

"ಗಂಡೇ ನೋಡಿಲ್ಲ ಇನ್ನೂ! ಯಾವತ್ತೋ ಆಗೋ ಮದುವೆಗೆ ಇಟ್ಟಿದ್ದು ಅದು. ಅಪ್ಪನಿಗೆ ನಾಚಿಕೆ. ಬೀರುವಲ್ಲಿಟ್ಟು ಬೀಗ ಹಾಕಿ ಕೂತಿದಾರೆ. ಯಾವ ಮುಖ ಇಟ್ಕಂಡು ವಾಪಸ್ ಓಗ್ಲಿ ಕಣಮ್ಮಿ ಅಂತಾರೆ."

ದಿಲೀಪ ಕುರ್ಚಿಗೊರಗಿ ಉದ್ದಕ್ಕೆ ಉಸಿರು ಬಿಟ್ಟ. ಎಷ್ಟೋ ತಿಂಗಳಿಂದ ಒಳಗೇ ಇದ್ದ ಉಸಿರು.

"ನೀವು ನನ್ನ ಮೇಲೆ ಸಿಟ್ಟು ಮಾಡ್ಕೊಂಡಿರ್ಲಿಲ್ವಾ?" ಅವಳು ಕೇಳಿದಳು. "ಲೋನ್ ಮಾಡ್ಸಿದ್ದಕ್ಕೆ?"

"ಲೋನ್ ಅಂತ ತಿಳಿದಿದ್ದಕ್ಕೇ ಎಲ್ರೂ ಬಂದಿದ್ದು. ನಮ್ಮಪ್ಪ ಹೇಳೋದೂ ನಿಜ. ಲೋನ್ ಮಾಡಿದ್ದಕ್ಕೇ ಎಲ್ರಿಗೂ ಕೊಡೋಕಾಗಿದ್ದು. ನೀವು ಹೇಳಿದ್ದೂ ನಿಜ. ಸಿಟ್ಟು ಯಾರ ಮೇಲೆ ಮಾಡ್ಕೊಳ್ಲಿ?" ಅವನು ತಲೆ ತಗ್ಗಿಸಿದ. "ಆವತ್ತು ಅಷ್ಟು ಜನಕ್ಕೆ ದುಡ್ಡು ಕೊಟ್ಟೆ ಕಣ್ರೀ, ಒಂಚೂರೂ ನೋವಾಗ್ಲಿಲ್ಲ. ನಿಮ್ಮಪ್ಪನಿಗೆ ಕೊಡುವಾಗ ಮಾತ್ರ... ನಾನೇ ನಿಮ್ಮನ್ನ ಇನ್ನೊಬ್ರಿಗೆ ಕೊಟ್ಟು ಕಳಿಸ್ತಾ ಇದ್ದೀನಿ ಅನ್ನಿಸ್ಬುಡ್ತು."

ನಾಗರತ್ನ ಮೇಜಿನ ಮೇಲಿನ ಅವನ ಬೆರಳುಗಳನ್ನೇ ನೋಡುತ್ತಿದ್ದಳು. ಪಕ್ಕದ ಮೇಜಿನ ರೂಪಶ್ರೀ ಕೆಲಸ ನಿಲ್ಲಿಸಿ, ಕೇಳಿಸಿಕೊಳ್ಳದವಳಂತೆ ಗೋಡೆ ನೋಡುತ್ತಿದ್ದಳು.

"ಈಗ ಸಾಲಾನೂ ಮುಗೀತು," ಎಂದ ಅವನು. "ಇಲ್ಲಿಗೆ ಬರೋಕೆ ನೆಪ ಇಲ್ಲ. ಅರ್ಧ ಮಾತ್ರ ತೀರಿಸಿದ್ರೆ ಆಯ್ತಿತ್ತು."

"ಭಾನುವಾರ ನಮ್ಮೂರಿಗೆ ಬನ್ನಿ," ಎಂದಳು ಅವಳು. ಹೇಳಿದ್ದು ತಾನೇ ಎಂದು ನಂಬಲಾಗದಷ್ಟು ಮೆಲ್ಲಗೆ. "ಅಪ್ಪ ಮನೆಯಲ್ಲೇ ಇರ್ತಾರೆ."

ಅವನ ಮುಖ ಅರಳಿತು. "ಕಾರು ತೊಳ್ಸಿ ತಳತಳ ಅನ್ನಿಸ್ಕೊಂಡು..."

"ಬೇಡ. ಬಸ್ಸಲ್ಲಿ ಬನ್ನಿ."

"ಅಂಥಾ ಕಾರು ಇಟ್ಕಂಡು ಬಸ್ಸಾ? ಅದೂ ಈಗ ಪೂರ್ತಿ ಸ್ವಂತದ್ದು ಕಣ್ರೀ!"

"ಕಾರು ಬಂದ್ರೆ ಬೀದಿಯವರೆಲ್ಲ ಕಾರನ್ನೇ ನೋಡ್ತಾರೆ. ನಮ್ಮಪ್ಪ ನಿಮ್ಮನ್ನ ನೋಡ್ಲಿ."

ಅವನು ಪೆನ್ನನ್ನು ಮೇಜಿನ ಮೇಲಿಟ್ಟು ಕೇಳಿದ.

"ನೀವು?"

ಅವಳು ಕಾಗದಗಳನ್ನು ಜೋಡಿಸುತ್ತ, ತಲೆಯೆತ್ತದೆ ಹೇಳಿದಳು.

"ನಾನು ನೋಡಿ ಆಯ್ತಲ್ಲ..."