ಉಳಿದ ಒಂದೇ ಸಾಲು

ಒಂದೇ ಕೊಂಬಿನ ಲೋಟದಲ್ಲಿ ತೆರೆರೆ ಎಂಬ ತಣ್ಣಗಿನ ಎಲೆ ಪಾನೀಯ ಮತ್ತೆ ಮತ್ತೆ ತುಂಬಿ ನಿಮಿಯಾ ಸರದಿಯಂತೆ ಎಲ್ಲರಿಗೂ ಕೊಟ್ಟಳು. ಡೆರ್ಲಿಸ್ ಚಾಚಿದ ಕೈಯನ್ನು ಮಾತ್ರ ದಾಟಿ ಪಕ್ಕದವನಿಗೆ ಕೊಟ್ಟಳು.

ಅಸುನ್ಸಿಯೋನ್ ನಗರದಲ್ಲಿ ತೆರೆರೆಯ ಸರದಿ ತಪ್ಪಿಸುವುದೆಂದರೆ ಎಲ್ಲರೆದುರು ಕೆನ್ನೆಗೆ ಬಾರಿಸಿದ ಹಾಗೆ. ಮಾವಿನ ಮರದಡಿ ಕೂತಿದ್ದ ಗೆಳೆಯರು ಒಬ್ಬೊಬ್ಬರಾಗಿ ಮೆಲ್ಲನೆ ಜಾಗ ಖಾಲಿ ಮಾಡಿದರು.

"ನನ್ನ ಸರದಿ," ಅಂದ ಡೆರ್ಲಿಸ್.

"ಪರೀಕ್ಷೇಲಿ ಕೊನೇ ಸಾಲು ಖಾಲಿ ಬಿಟ್ಟೆಯಲ್ಲ, ಬೇಕಂತಲೇ ತಾನೆ?"

"ಇಲ್ಲಪ್ಪ, ಮರೆತೆ."

ಮರೆತನಂತೆ! ಸದಾ ನಿಜ ಹೇಳುವವರ, ಸದಾ ಸುಳ್ಳು ಹೇಳುವವರ ಒಗಟನ್ನು, ಎಲ್ಲ ಸಾಧ್ಯತೆಗಳನ್ನೂ ಸಾಲು ಸಾಲಾಗಿ ಬರೆಯುವ ಸತ್ಯಕೋಷ್ಟಕ ಹಾಕಿ ಬಿಡಿಸಲು ಅವಳಿಗೆ ಕಲಿಸಿದವನೇ ಅವನು. ತರ್ಕ ವಿಭಾಗದಲ್ಲಿ ಆ ಪರೀಕ್ಷೆ ಗೆದ್ದವರಿಗೆ ಇದ್ದದ್ದು ಒಂದೇ ಕೆಲಸ. ಅದು ಬೆಳಿಗ್ಗೆ ಅವಳ ಪಾಲಾಗಿತ್ತು. ಗೆದ್ದೆ ಅಂತ ಕುಣಿದದ್ದು ನೆನೆದು ನಿಮಿಯಾಗೆ ಮೈಯೆಲ್ಲ ಉರಿಯಿತು.

"ನಂಗೆ ಭಿಕ್ಷೆ ಹಾಕೋಕೆ ನೀನ್ಯಾರೋ?"

ಡೆರ್ಲಿಸ್ ಓರೆಗಣ್ಣಲ್ಲಿ ಅವಳನ್ನು ನೋಡಿದ. ಕೋಪ ಬಂದಾಗ ಅವಳ ಮೂಗಿನ ತುದಿ ಕೆಂಪಾಗುತ್ತಿತ್ತು. ಅವನಿಗೆ ಅದು ಇಷ್ಟ ಅನ್ನುವುದು ಅವಳಿಗೂ ಗೊತ್ತು, ಅದಕ್ಕೇ ಇನ್ನಷ್ಟು ಸಿಟ್ಟು. ಅವನು ಸೀಮೆಸುಣ್ಣ ತೆಗೆದು ಸಿಮೆಂಟಿನ ಬೆಂಚಿನ ಮೇಲೆ ಬರೆದ: ‘ನಾನು ಸುಳ್ಳುಗಾರ, ಇಲ್ಲವೇ ನಾನು ನಿನ್ನನ್ನು ಪ್ರೀತಿಸುತ್ತೇನೆ.’

"ಇದನ್ನ ಬಿಡಿಸು. ಆಮೇಲೆ ಎಷ್ಟು ಬೇಕಾದ್ರೂ ಬೈಯಿ."

ಬೇಡ ಬೇಡ ಅಂದುಕೊಂಡೇ ನಿಮಿಯಾ ಸೀಮೆಸುಣ್ಣ ಕಿತ್ತುಕೊಂಡು ನಾಲ್ಕು ಸಾಲು ಎಳೆದಳು. ಎರಡರಲ್ಲಿ ಒಂದು ನಿಜವಾದರೂ ಸಾಕು; ಅವನು ಸುಳ್ಳುಗಾರನಾದರೆ ಪ್ರೀತಿ ಇರಲಿ, ಬಿಡಲಿ, ಈ ಮಾತು ನಿಜವಾಗಿಬಿಡುತ್ತದೆ. ಸುಳ್ಳುಗಾರ ನಿಜ ಹೇಳುವಂತಿಲ್ಲ. ಎರಡು ಸಾಲು ಹೋದವು. ನಿಜ ಹೇಳುವವನಾಗಿ ಪ್ರೀತಿ ಇಲ್ಲದಿದ್ದರೆ ಮಾತೇ ಸುಳ್ಳು. ಅದೂ ಹೋಯಿತು. ಉಳಿದದ್ದು ಒಂದೇ: ನಿಜ ಹೇಳುವವನು, ಪ್ರೀತಿಸುವವನು.

ಆ ಸಾಲಿನ ಸುತ್ತ ಅವಳು ಗೆರೆ ಎಳೆದಳು. ಸಿಟ್ಟು ಮಾತ್ರ ಇಳಿಯಲಿಲ್ಲ.

"ಸುಳ್ಳುಗಾರನಿಗೆ ಈ ಮಾತು ಆಡೋಕೇ ಆಗಲ್ಲ ಕಣೋ. ಆದ್ರೆ ಮರೆತೆ ಅಂತ ನೀನು ಈಗ ತಾನೇ ಸುಳ್ಳು ಹೇಳಿದೆ. ಹೋಗು, ಪರೀಕ್ಷೆ ನಡೆಸಿದ ಮೇಡಂ ಹತ್ರ ನಿಜ ಹೇಳಿ ಬಾ."

"ಕೆಲಸ ನಿನ್ನ ಕೈ ತಪ್ಪುತ್ತೆ, ನಿಮಿಯಾ."

"ತಪ್ಪಲಿ!"

ಅವನು ಹೋದ. ಅವಳು ಅಲ್ಲೇ ಕೂತು ತೆರೆರೆಯ ಐಸು ಕರಗುವುದನ್ನು ನೋಡುತ್ತಿದ್ದಳು. ವಾಪಸು ಬಂದಾಗ ಅವನ ಕಿವಿ ಕೆಂಪಾಗಿತ್ತು.

"ಚೆನ್ನಾಗಿ ಉಗಿದರು. ನಾಳೆ ಇಬ್ಬರಿಗೂ ಮತ್ತೆ ಪರೀಕ್ಷೆ."

"ಆಮೇಲೆ?"

"ನಿನ್ನನ್ನ ಪ್ರೀತಿಸ್ತೀನಿ. ಇಲ್ಲವೇ ಗಿಲ್ಲವೇ ಏನೂ ಇಲ್ಲ."

"ಅದು ಗೊತ್ತಾಯ್ತು. ನಾಳೆ ಏನು ಮಾಡ್ತೀಯ?"

ಅವನು ಮೊದಲ ಸಲ ಅವಳ ಕಣ್ಣನ್ನೇ ನೇರ ನೋಡಿದ. "ನಿನ್ನ ಸೋಲಿಸ್ತೀನಿ. ಒಂದು ಸಾಲೂ ಬಿಡಲ್ಲ."

ನಿಮಿಯಾ ಲೋಟ ತುಂಬಿ ಅವನ ಕೈಗಿಟ್ಟಳು, ಅವನ ಬೆರಳು ಮಾತ್ರ ಬಿಡಲಿಲ್ಲ.

"ಕುಡಿ. ನಾಳೆ ಸೋತು ಅಳೋಕೆ ತ್ರಾಣ ಬೇಕಲ್ಲ."